ಹಿಡಿ ಅಕ್ಕಿಯ ಡಬ್ಬಿ

ಹಾಸನದ ನಮ್ಮ ಮನೆಯಲ್ಲಿ ಅಜ್ಜಿ ಅಕ್ಕಿ ತೊಳೆಯುವ ಮುನ್ನ ಒಂದು ಹಿಡಿಯನ್ನು ಸುವಾರ್ತಾ ಸೇವೆಗೆಂದು, ಅಂದರೆ ಕ್ರಿಸ್ತನ ಸಂದೇಶ ಸಾರುವ ಕೆಲಸಕ್ಕೆಂದು, ತಗಡಿನ ಡಬ್ಬಿಯಲ್ಲಿ ಎತ್ತಿಡುತ್ತಿದ್ದರು. ಅವರ ಕಾಲಕ್ಕೆ ಮಿಷನ್ ಎಂದರೆ ದೂರದಿಂದ ಬಂದವರು ಕಟ್ಟಿದ ಶಾಲೆ, ಆಸ್ಪತ್ರೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನವರು ಕನ್ನಡ ಕಲಿತರು. 1843ರಲ್ಲಿ ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು ಹೊರತಂದರು. ಇಂದು ನನ್ನ ಮಗಳು, ಸಕಲೇಶಪುರದ ಕಾಫಿ ತೋಟಕ್ಕೆ ಅಸ್ಸಾಮಿನಿಂದ ಬಂದಿರುವ ಕಾರ್ಮಿಕರ ಮಕ್ಕಳಿಗೆ ಶನಿವಾರ ಪಾಠ ಹೇಳಲು ಹೋಗುವ ಮೊದಲು, ಅವರ ಮಾತಿನ ಪದಗಳನ್ನು ಕನ್ನಡ ಲಿಪಿಯಲ್ಲಿ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಾಳೆ. ‘ಅಪ್ಪಾ, ಅವರು ಹೇಳುವುದನ್ನು ಮೊದಲು ಕೇಳಿಸಿಕೊಳ್ಳಬೇಕಲ್ಲವೇ?’ ಎನ್ನುತ್ತಾಳೆ. ನಮ್ಮ ಚರ್ಚಿನ ಹಿರಿಯರಿಗೆ ಇದು ಸುವಾರ್ತೆಯೆನಿಸದಿರಬಹುದು, ಅವಳೂ ಇದನ್ನು ಮಿಷನ್ ಎಂದು ಕರೆಯಲೊಪ್ಪುವುದಿಲ್ಲ. ಆದರೆ ಆ ನೋಟ್‌ಬುಕ್ಕನ್ನು ನೋಡಿದಾಗಲೆಲ್ಲ ನನಗೆ ಅಜ್ಜಿಯ ಡಬ್ಬಿಯೇ ನೆನಪಾಗುತ್ತದೆ.