ಸಭೆ ನಡೆಸುವುದು ಬಿಟ್ಟು ಮನೆ ಮನೆ ಯಾಕೆ ತಿರುಗುತ್ತೀರಿ?

"ಅಯ್ಯನವರೇ, ಒಳ್ಳೆ ಪ್ರಸಂಗ ಮಾಡ್ತಿದ್ರಿ. ದೊಡ್ಡ ಸಭೆ ನೋಡ್ಕೊಳ್ಳೋದು ಬಿಟ್ಟು ಈ ಆಸ್ಪತ್ರೆ, ಮನೆ ಭೇಟಿ ಅಂತ ಯಾಕೆ ಹೊರಟ್ರಿ?" ಮದುವೆ ಊಟದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ. ನಾನು ಚರ್ಚಿನ ಪಾದ್ರಿ; ನಮ್ಮಲ್ಲಿ ಸಭೆ ಅಂದರೆ ಚರ್ಚಿನ ಜನ, ಪ್ರಸಂಗ ಅಂದರೆ ಅಲ್ಲಿ ಮಾಡುವ ಉಪದೇಶ. ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಅದಕ್ಕೇ ಇಲ್ಲಿ ಪೂರ್ತಿ ಹೇಳುತ್ತೇನೆ.

ನಾನು ನೇರ ದಾರಿಯಲ್ಲಿ ಬಂದವನಲ್ಲ. ನಮ್ಮದು ಮಂಗಳೂರಿನಲ್ಲಿ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹಿನ್ನೆಲೆಯ ಮನೆ. ಮಿಷನ್‌ನವರು 1865ರಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯ ಕಥೆಗಳನ್ನು ಕೇಳುತ್ತಾ ಬೆಳೆದೆ. ಬಿಕಾಂ ಮುಗಿಸಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಆಮೇಲೆ ದೇವಶಾಸ್ತ್ರ ಕಲಿಸುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಪಾದ್ರಿಯಾಗಲು ಗುರುದೀಕ್ಷೆ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾಪಾಲಕರಿಗೆ, ಅಂದರೆ ಪಾದ್ರಿಗಳಿಗೆ, ವರ್ಗಾವಣೆ ತಪ್ಪಿದ್ದಲ್ಲ. ಕೊಡಗಿನ ಕಾಫಿ ತೋಟಗಳ ನಡುವೆ ಒಂದು ಸಣ್ಣ ಸಭೆ, ಸ್ವಲ್ಪ ಕಾಲ ಯುವಜನರ ಕೆಲಸ, ಮತ್ತೆ ಕರಾವಳಿ.

ದಾರಿ ತಿರುಗಿದ್ದು ಮನೆ ಭೇಟಿಗಳಲ್ಲೇ. ನಮ್ಮಲ್ಲಿ ಅದಕ್ಕೊಂದು ಕ್ರಮ ಇದೆ. ಅಯ್ಯನವರು ಬರುತ್ತಾರೆ ಅಂತ ಟಿವಿ ಆಫ್ ಆಗುತ್ತದೆ. ಕುಶಲ ವಿಚಾರಿಸಿ, ಸತ್ಯವೇದ (ಬೈಬಲ್) ತೆರೆದು 23ನೇ ಕೀರ್ತನೆಯೋ 121ನೆಯದೋ ಓದುತ್ತೇವೆ. ಪ್ರಾರ್ಥನೆ, ಆಮೆನ್, ಚಹಾ. ಅಲ್ಲಿಗೆ ಭೇಟಿ ಮುಗಿಯಿತು. ಆದರೆ ಚಪ್ಪಲಿ ಹಾಕಿಕೊಳ್ಳುವಾಗ ಮನೆಯಾಕೆ ಗೇಟಿನ ತನಕ ಬರುತ್ತಾರೆ. ಹಿಂದೆ ತಿರುಗಿ ಒಮ್ಮೆ ಬಾಗಿಲು ನೋಡುತ್ತಾರೆ. "ಮಗ ಕೋಣೆಯಿಂದ ಹೊರಗೇ ಬರ್ತಿಲ್ಲ ಅಯ್ಯನವರೇ" ಅನ್ನುತ್ತಾರೆ. ಒಳಗೆ ಕನ್ನಡದಲ್ಲಿ ಆಡಿದ ಮಾತು ಗೇಟಿನ ಹತ್ತಿರ ತುಳುವಿಗೆ ಹೊರಳಿರುತ್ತದೆ. ಮನೆಯಿಂದ ಮನೆಗೆ ಇದನ್ನೇ ಕಂಡೆ. ನಿಜವಾದ ಮಾತು ಆಮೆನ್ ಆದ ಮೇಲೆ ಬರುತ್ತದೆ. ಆ ಹೊತ್ತಿಗೆ ಸಭಾಪಾಲಕರಿಗೆ ಇನ್ನೊಂದು ಮನೆಗೋ ಕಮಿಟಿ ಮೀಟಿಂಗಿಗೋ ತಡವಾಗಿರುತ್ತದೆ. ಆ ಗೇಟಿನ ಹತ್ತಿರ ನಿಲ್ಲಲು ಸಮಯ ಇರುವ ಒಬ್ಬರು ಸಭೆಗೆ ಬೇಕು ಅಂತ ಅನ್ನಿಸಿತು. ನನ್ನ ಉತ್ತರದ ತಿರುಳು ಇಷ್ಟೇ.

ಮನಸ್ಸಿದ್ದರೆ ಸಾಲದು, ಕಲಿಯಬೇಕಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್ ಎಂಬ ತರಬೇತಿ ಇದೆ. ಹೆಸರು ಉದ್ದ, ಕೆಲಸ ಸರಳ. ವಾರ್ಡಿಗೆ ಹೋಗಿ ರೋಗಿಯ ಹತ್ತಿರ ಕೂರಬೇಕು. ಹಿಂದೆ ಬಂದು ಇಬ್ಬರ ಮಾತನ್ನೂ ನೆನಪಿದ್ದಷ್ಟು ಹಾಗೆಯೇ ಬರೆಯಬೇಕು: ಅವರು ಹೀಗಂದರು, ನಾನು ಹೀಗಂದೆ, ಆಗ ಅವರು ಸುಮ್ಮನಾದರು. ಇದಕ್ಕೆ ವರ್ಬೇಟಿಮ್ ಅನ್ನುತ್ತಾರೆ. ಅದನ್ನು ಗುಂಪಿನಲ್ಲಿ ಓದಿ ಹೇಳಬೇಕು. ಯಾರ ಮಾತು ಉದ್ದ, ರೋಗಿ ಸಾವಿನ ಬಗ್ಗೆ ಬಾಯಿ ತೆರೆದಾಗ ಯಾರು ವಿಷಯ ಬದಲಿಸಿದರು, ಯಾರು ಅವಸರದಲ್ಲಿ ಪ್ರಾರ್ಥನೆಗೆ ಕೈ ಜೋಡಿಸಿದರು, ಎಲ್ಲ ಕಾಗದದ ಮೇಲೆ ಕಾಣುತ್ತದೆ. ಪ್ರಸಂಗ ಮಾಡಿ ಅಭ್ಯಾಸವಾದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆ ಪಾಠ ಬೇರೆ ಇಲ್ಲ.

ಈ ಪದ್ಧತಿ ಬೆಳೆಸಿದವರಲ್ಲಿ ಅಮೆರಿಕದ ಆಂಟನ್ ಬಾಯ್ಸನ್ ಮೊದಲಿಗರು. ಅವರೂ ಪಾದ್ರಿ. 1920ರಲ್ಲಿ ಮನಸ್ಸಿನ ಕಾಯಿಲೆ ಜೋರಾಗಿ ಅವರೇ ಆಸ್ಪತ್ರೆ ಸೇರಬೇಕಾಯಿತು. ಗುಣವಾಗಿ ಬಂದು, ವೂಸ್ಟರ್ ಎಂಬ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಚಾಪ್ಲೇನ್, ಅಂದರೆ ಆಸ್ಪತ್ರೆಯ ಪಾದ್ರಿ, ಆದರು. 1925ರ ಬೇಸಿಗೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಅಲ್ಲಿಗೇ ಕರೆಸಿ ಕಲಿಸಿದರು. ಗ್ರಂಥ ಓದುವಷ್ಟೇ ಶ್ರದ್ಧೆಯಿಂದ ನೊಂದ ಮನುಷ್ಯರನ್ನೂ ಓದಿ ಅಂತ ಅವರು ಹೇಳುತ್ತಿದ್ದದ್ದು. ಡಿಪ್ರೆಶನ್ ಬಂದರೆ "ವಿಶ್ವಾಸ ಕಡಿಮೆ" ಅಂತ ಈಗಲೂ ಹೇಳುವವರು ನಮ್ಮ ಸಭೆಗಳಲ್ಲಿದ್ದಾರೆ. ಅವರಿಗೆಲ್ಲ ನಾನು ಬಾಯ್ಸನ್ ಕಥೆ ಹೇಳುತ್ತೇನೆ. ಗೇಟಿನ ಹತ್ತಿರ ಮಗನ ಬಗ್ಗೆ ಹೇಳುವ ತಾಯಂದಿರಿಗೆ, ಡಾಕ್ಟರ ಹತ್ತಿರ ನಾನೂ ಜೊತೆಗೆ ಬರುತ್ತೇನೆ ಅನ್ನುತ್ತೇನೆ. ಔಷಧಿಯೂ ಬೇಕು, ಪ್ರಾರ್ಥನೆಯೂ ಬೇಕು.

ಈಗ ನಾನು ಭೇಟಿಯ ಕ್ರಮವನ್ನು ತಿರುಗಿಸಿದ್ದೇನೆ. ಮೊದಲು ಚಹಾ, ಮಾತು. ಪ್ರಾರ್ಥನೆ ಕೊನೆಗೆ, ಅದೂ "ಏನಂತ ಪ್ರಾರ್ಥಿಸಲಿ?" ಎಂದು ಕೇಳಿ. ಕೆಲವರಿಗೆ 88ನೇ ಕೀರ್ತನೆ ಓದುತ್ತೇನೆ. ಅದರಲ್ಲಿ ಕಡೆಗೂ ಸ್ತೋತ್ರ ಬರುವುದಿಲ್ಲ, ಕತ್ತಲಿನ ಮಾತಲ್ಲೇ ಮುಗಿಯುತ್ತದೆ. "ಇದೂ ಸತ್ಯವೇದದಲ್ಲಿ ಇದೆಯಾ?" ಅಂತ ಕೇಳಿದವರಿದ್ದಾರೆ. ಇದೆ. ಅಳುವವರನ್ನು ದೇವರು ತನ್ನ ಪುಸ್ತಕದಿಂದ ಹೊರಗೆ ಹಾಕಿಲ್ಲ.

ಇದು ಒಬ್ಬರಿಂದ ಆಗುವ ಕೆಲಸ ಅಲ್ಲ. ಹಾಗಾಗಿ ಸಭೆಯ ಕೆಲವರಿಗೆ ತರಬೇತಿ ಕೊಡುತ್ತಿದ್ದೇನೆ. ಹೆಂಗಸರೇ ಜಾಸ್ತಿ. ನಿವೃತ್ತ ನರ್ಸ್‌ಗಳು, ಟೀಚರ್‌ಗಳು, ಗಂಡನನ್ನು ಕಳೆದುಕೊಂಡವರು. ಮೊದಲ ದಿನವೇ ಒಂದು ನಿಯಮ ಹೇಳುತ್ತೇನೆ: ಕೇಳಿದ ಮಾತು ಪ್ರಾರ್ಥನಾ ಕೂಟಕ್ಕೆ ಹೋಗಬಾರದು. "ಇಂಥವರ ಮನೆಯಲ್ಲಿ ಹೀಗಂತೆ, ಪ್ರಾರ್ಥಿಸಿ" ಅಂತ ಯಾರೋ ಒಳ್ಳೆ ಮನಸ್ಸಿನಿಂದಲೇ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಗುತ್ತದೆ. ಆಮೇಲೆ ಆ ಮನೆಯವರು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಅವರನ್ನೇ ಕೇಳಿ, ಅವರು ಹೂಂ ಅಂದರೆ ಮಾತ್ರ ಹೆಸರು ಹೇಳಬೇಕು. ಇದಕ್ಕೆ ಒಪ್ಪದವರನ್ನು ನಾನು ಭೇಟಿಗೆ ಕಳಿಸುವುದಿಲ್ಲ, ಅವರು ಎಷ್ಟೇ ಹಿರಿಯರಾಗಿರಲಿ.