ದೋಷ ಸಿಗದ ತಪಾಸಣೆಯೂ ದಾಖಲಾಗಬೇಕು

ಅಮೆರಿಕದ ಹೆದ್ದಾರಿಗಳಲ್ಲಿ ಟ್ರಕ್ಕುಗಳಿಗೆ ನಡೆಯುವ ಪೂರ್ಣ ತಪಾಸಣೆಯನ್ನು ‘ಲೆವೆಲ್ ಒನ್’ ಎನ್ನುತ್ತಾರೆ. ಅದರಲ್ಲಿ 37 ಹಂತಗಳಿವೆ. ಪರವಾನಗಿಯನ್ನೂ ಚಾಲನೆಯ ಗಂಟೆಗಳ ಲೆಕ್ಕವನ್ನೂ ನೋಡಿದ ಅಧಿಕಾರಿ ಗಾಡಿಯ ಅಡಿಗೆ ಹೋಗಿ, ಚಾಲಕನಿಂದ ಬ್ರೇಕ್ ಒತ್ತಿಸಿ, ಗಾಳಿಯ ಒತ್ತಡದಿಂದ ಬ್ರೇಕ್ ನಡೆಸುವ ಪ್ರತಿ ಚೇಂಬರಿನ ಪುಶ್‌ರಾಡ್, ಅಂದರೆ ಬ್ರೇಕನ್ನು ತಳ್ಳುವ ಕಂಬಿ, ಎಷ್ಟು ಹೊರಚಾಚುತ್ತದೆಂದು ಅಳೆಯುತ್ತಾರೆ. ಸಾಮಾನ್ಯ ಸ್ಟ್ರೋಕಿನ (ಚಾಚಿಕೆಯ) ‘ಟೈಪ್ 30’ ಗಾತ್ರದ ಚೇಂಬರಿಗೆ ಮಿತಿ 2 ಇಂಚು. ಐದು ಆಕ್ಸಲ್‌ಗಳ ಗಾಡಿಯ 10 ಬ್ರೇಕುಗಳಲ್ಲಿ ಶೇ 20ರಷ್ಟು, ಅಂದರೆ ಎರಡು, ಕೆಟ್ಟಿದ್ದರೆ ದುರಸ್ತಿಯಾಗುವವರೆಗೆ ಅದು ಅಲ್ಲಿಂದ ಕದಲುವಂತಿಲ್ಲ.

ಹಿಂದೆ ಇದೆಲ್ಲ ಕಾರ್ಬನ್ ಪ್ರತಿಯ ನಮೂನೆಗಳಲ್ಲಿ ಉಳಿಯುತ್ತಿತ್ತು. ಅಧಿಕಾರಿಯ ಕೈಬರಹವನ್ನು ಓದಿ ಇನ್ನೊಬ್ಬರು ಕಂಪ್ಯೂಟರಿಗೆ ಏರಿಸಬೇಕಿತ್ತು. ಲ್ಯಾಪ್‌ಟಾಪಿನಲ್ಲಿ ‘ಆಸ್ಪೆನ್’ ತಂತ್ರಾಂಶ ಬಂದ ಮೇಲೆ ರಸ್ತೆಬದಿಯಲ್ಲೇ ವರದಿ ಸಿದ್ಧವಾಗಿ, ರಾಜ್ಯದ ಮೂಲಕ ಒಕ್ಕೂಟ ಸರ್ಕಾರದ ದತ್ತಕೋಶಕ್ಕೆ ಸೇರತೊಡಗಿತು. ಅಲ್ಲಿಂದ ಮುಂದಿನದೇ ನನ್ನ ಮಟ್ಟಿಗೆ ಮುಖ್ಯ. ಸಾಗಣೆ ಕಂಪನಿಯ ಸುರಕ್ಷತಾ ಅಂಕವನ್ನು ಹಿಂದಿನ 24 ತಿಂಗಳ ವರದಿಗಳಿಂದ ಲೆಕ್ಕ ಹಾಕುತ್ತಾರೆ. ಕಳೆದ ಆರು ತಿಂಗಳಿನವಕ್ಕೆ ಮೂರು ಪಟ್ಟು ತೂಕ. ವಾಹನ ನಿರ್ವಹಣೆಯ ಲೆಕ್ಕದಲ್ಲಿ ದೋಷಗಳ ಮೊತ್ತವನ್ನು ತಪಾಸಣೆಗಳಿಂದ ಭಾಗಿಸುವುದರಿಂದ, ಏನೂ ಸಿಗದ ತಪಾಸಣೆಯೊಂದು ದಾಖಲಾದರೆ ಅಂಕ ಸುಧಾರಿಸುತ್ತದೆ. ಮುಂದಿನ ತಪಾಸಣಾ ಠಾಣೆಯಲ್ಲಿ, ಯಾವ ಗಾಡಿಯನ್ನು ತಪಾಸಿಸಬೇಕೆಂದು ಆರಿಸಲು ಅಧಿಕಾರಿಗೆ ಕಾಣುವ ಸಂಖ್ಯೆ 75 ಅಥವಾ ಹೆಚ್ಚಿದ್ದರೆ ‘ತಪಾಸಿಸಿ’ ಎಂದೂ 50ಕ್ಕಿಂತ ಕಡಿಮೆಯಿದ್ದರೆ ‘ಬಿಡಿ’ ಎಂದೂ ಅರ್ಥ. ನಡುವಿನದು ಅವರ ವಿವೇಚನೆಗೆ ಬಿಟ್ಟದ್ದು.

ಹೀಗಿರುವಾಗ ಅಧಿಕಾರಿ ಗಾಡಿಯನ್ನು ಸುತ್ತಿ ನೋಡಿ, ತಪ್ಪೇನೂ ಕಾಣದೆ, ವರದಿ ಬರೆಯದೆ ‘ಹೋಗಿ’ ಎಂದರೆ ಅದು ಮೇಲ್ನೋಟಕ್ಕೆ ಉಪಕಾರ, ಲೆಕ್ಕದಲ್ಲಿ ನಷ್ಟ. ಎರಡು-ಮೂರು ಟ್ರಕ್ಕುಗಳ ಮಾಲೀಕರಿಗೆ ಇದು ಹೆಚ್ಚು ತಟ್ಟುತ್ತದೆ, ಏಕೆಂದರೆ ದತ್ತಾಂಶವೇ ಸಾಲದ ಕಂಪನಿಯನ್ನೂ ವ್ಯವಸ್ಥೆ ತಪಾಸಣೆಗೆ ಸೂಚಿಸಬಲ್ಲದು. ದೋಷಗಳನ್ನಷ್ಟೇ ಬರೆದಿಡುವ ದತ್ತಕೋಶವು ಸುರಕ್ಷತೆಯನ್ನು ಅಳೆಯುತ್ತದೆ ಎಂಬುದನ್ನು ನಾನು ಒಪ್ಪಲಾರೆ.

ತಪ್ಪು ನಮೂದಿನ ಕಥೆ ಬೇರೆ. ಬಾಡಿಗೆ ಟ್ರಕ್ಕಿನ ತಪಾಸಣೆಯಲ್ಲಿ ಸಾಗಣೆ ಕಂಪನಿಯನ್ನು ಗುರುತಿಸುವ ಯುಎಸ್‌ಡಾಟ್ ಸಂಖ್ಯೆ ಅದಲುಬದಲಾದರೆ ಒಬ್ಬರ ಬ್ರೇಕಿನ ದೋಷ ಇನ್ನೊಬ್ಬರ ಖಾತೆಗೆ ಬೀಳುತ್ತದೆ. ಒಕ್ಕೂಟ ಸರ್ಕಾರದ ‘ಡೇಟಾಕ್ಯೂಸ್’ ಜಾಲತಾಣದ ಮೂಲಕ ಆಕ್ಷೇಪ ಸಲ್ಲಿಸಬಹುದಾದರೂ ಅದು ಮರಳಿ ಹೋಗುವುದು ವರದಿ ಬರೆದ ರಾಜ್ಯಕ್ಕೇ.

ಭಾರತದಲ್ಲಿ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮಗಳ ತಿದ್ದುಪಡಿಯು ತಪಾಸಣೆಯ ದಿನಾಂಕ, ಸಮಯ ಮತ್ತು ಅಧಿಕಾರಿಯ ಗುರುತು ಪೋರ್ಟಲ್‌ನಲ್ಲಿ ದಾಖಲಾಗಬೇಕೆನ್ನುತ್ತದೆ; ಅನಗತ್ಯ ಮರುತಪಾಸಣೆಯನ್ನು ತಪ್ಪಿಸುವುದೇ ಅದರ ಘೋಷಿತ ಉದ್ದೇಶ. ದಂಡ ಹಾಕದ ತಪಾಸಣೆಗೂ ದಾಖಲೆಯ ಬೆಲೆ ಕೊಟ್ಟಿರುವುದು ಮೆಚ್ಚತಕ್ಕದ್ದೇ, ಆದರೆ ಆ ನಿಯಮದ ಗಮನ ಮುಖ್ಯವಾಗಿ ಕಾಗದಪತ್ರಗಳ ಮೇಲಿದೆಯೇ ಹೊರತು ಲಾರಿಯ ಅಡಿಯಲ್ಲಿರುವ ಪುಶ್‌ರಾಡಿನ ಮೇಲಲ್ಲ.