ನೀರು ಏನನ್ನು ಕರಗಿಸುತ್ತದೆ, ಏನನ್ನು ಕೈಬಿಡುತ್ತದೆ?

ಪುಣೆಯ ಕನ್ನಡ ಮನೆಗಳಲ್ಲಿ ಈ ಪ್ರಶ್ನೆಯನ್ನು ಎರಡು ರೀತಿಯಲ್ಲಿ ಕೇಳುತ್ತಾರೆ. ನೀರು ಇಷ್ಟೊಂದು ವಸ್ತುಗಳನ್ನು ಹೇಗೆ ಕರಗಿಸುತ್ತದೆ ಎಂಬುದು ಮಕ್ಕಳ ಪ್ರಶ್ನೆ. ಬೋರ್‌ವೆಲ್ ನೀರು ಕಾಯಿಸಿದ ಕೆಟಲ್ಲಿನ ತಳದಲ್ಲಿ ಬಿಳೀ ಪದರ ಕಟ್ಟುತ್ತದಲ್ಲ, ಅದು ಅಲ್ಲಿಯವರೆಗೆ ಎಲ್ಲಿತ್ತು ಎಂಬುದು ದೊಡ್ಡವರದು.

ಮೊದಲು ಒಂದು ಮಾತಿನ ತೊಡಕು ಬಿಡಿಸಬೇಕು. ನಾವು ತುಪ್ಪಕ್ಕೂ ಕರಗಿತು ಎನ್ನುತ್ತೇವೆ, ಉಪ್ಪಿಗೂ ಕರಗಿತು ಎನ್ನುತ್ತೇವೆ. ತುಪ್ಪ ಕರಗುವುದು ಬಿಸಿಗೆ. ಉಪ್ಪನ್ನು ಬರೀ ಬಿಸಿಯಿಂದ ಕರಗಿಸಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಬಿಗಿಯಾದ ಹರಳನ್ನು ತಣ್ಣೀರು ನಿಮಿಷಗಳಲ್ಲಿ ಬಿಡಿಸಿಹಾಕುತ್ತದೆ. ನಿಜವಾದ ಅಚ್ಚರಿ ಇದೇ.

ನೀರಿನ ಅಣು ನೆಟ್ಟಗಿಲ್ಲ. ಎರಡು ಜಲಜನಕಗಳು ಆಮ್ಲಜನಕಕ್ಕೆ ಸುಮಾರು 104.5 ಡಿಗ್ರಿ ಕೋನದಲ್ಲಿ ಅಂಟಿಕೊಂಡಿವೆ. ಆಮ್ಲಜನಕ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಹಾಗಾಗಿ ಆ ಬದಿಯಲ್ಲಿ ಕೊಂಚ ಋಣ ವಿದ್ಯುದಂಶ, ಜಲಜನಕದ ಬದಿಯಲ್ಲಿ ಕೊಂಚ ಧನ ವಿದ್ಯುದಂಶ. ಉಪ್ಪಿನಲ್ಲಿರುವುದು ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು: ಸೋಡಿಯಂನ ಧನ ಅಯಾನು, ಕ್ಲೋರೈಡ್‌ನ ಋಣ ಅಯಾನು. ಹರಳಿನ ಮೂಲೆಯಲ್ಲಿ ಕುಳಿತ ಅಯಾನಿಗೆ ಅಕ್ಕಪಕ್ಕದ ಹಿಡಿತ ಕಡಿಮೆ. ನೀರಿನ ಅಣುಗಳು ಅದನ್ನು ಸುತ್ತುವರಿದು ಎಳೆದುಕೊಳ್ಳುತ್ತವೆ: ಸೋಡಿಯಂ ಆದರೆ ಆಮ್ಲಜನಕದ ಬದಿ ಒಳಗೆ, ಕ್ಲೋರೈಡ್ ಆದರೆ ಜಲಜನಕದ ಬದಿ ಒಳಗೆ. ಹೀಗೆ ಬೇರ್ಪಟ್ಟ ಅಯಾನುಗಳ ನಡುವಿನ ಸೆಳೆತವೂ ನೀರಿನೊಳಗೆ ಸುಮಾರು 80ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮತ್ತೆ ಕೂಡುವುದು ಸುಲಭವಲ್ಲ.

ಸಕ್ಕರೆಯಲ್ಲಿ ಅಯಾನುಗಳಿಲ್ಲ. ಆದರೆ ಅದರ ಒಂದೊಂದು ಅಣುವಿನಲ್ಲೂ ನೀರು ಕೈಹಾಕಬಲ್ಲ ಎಂಟು ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕ ಜೋಡಿ) ಕೊಂಡಿಗಳಿವೆ. 100 ಮಿ.ಲೀ. ನೀರು ಕೋಣೆಯ ಬಿಸಿಯಲ್ಲಿ 36 ಗ್ರಾಂ ಉಪ್ಪು ಹಿಡಿದರೆ, ಸಕ್ಕರೆಯನ್ನು ಸುಮಾರು 200 ಗ್ರಾಂ ಹಿಡಿಯುತ್ತದೆ. ಕುದಿಸಿದರೆ ಸಕ್ಕರೆ 480 ಗ್ರಾಂ ದಾಟುತ್ತದೆ, ಉಪ್ಪು 39ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಉಪ್ಪಿನಕಾಯಿಗೆ ಉಪ್ಪುನೀರು ಕುದಿಸಿದರೆ ಬೇಗ ಕರಗುತ್ತದೆಯೇ ಹೊರತು ಹೆಚ್ಚೇನೂ ಕರಗುವುದಿಲ್ಲ. ಪುಡಿಯುಪ್ಪು ಹಾಕಿದಾಗ ನೀರು ಮಬ್ಬಾದರೆ ಉಪ್ಪು ಕರಗಿಲ್ಲವೆಂದಲ್ಲ. ಗಂಟುಕಟ್ಟದಿರಲೆಂದು ಬೆರೆಸಿದ ಪುಡಿ ಅದು.

ಅರಿಶಿನದ ಬಣ್ಣ ನೀರಿಗೆ ಒಗ್ಗುವುದಿಲ್ಲ. ನೀರಿನ ಅಣುಗಳು ತಮ್ಮತಮ್ಮಲ್ಲೇ ಬಿಗಿಯಾಗಿ ಕೈಹಿಡಿದಿರುತ್ತವೆ. ಆ ಹಿಡಿತ ಬಿಟ್ಟು ಜಾಗ ಕೊಡುವಷ್ಟು ಸೆಳೆತ ಅರಿಶಿನದ ಕಡೆಯಿಂದ ಬರುವುದಿಲ್ಲ. ಒಗ್ಗರಣೆಯ ಎಣ್ಣೆಯಲ್ಲಿ ಅದೇ ಬಣ್ಣ ಚೆನ್ನಾಗಿ ಬಿಡುತ್ತದೆ. ಗೋವಾದ ಪಾನೀಯ ಸೋಲ್‌ಕಡಿಯಲ್ಲಿ ಕೋಕಂ ಹಣ್ಣಿನ ಕೆಂಪು ಮಾತ್ರ ನೀರಿನಲ್ಲೇ ಸಲೀಸಾಗಿ ಇಳಿಯುತ್ತದೆ.

ಇನ್ನು ಕೆಟಲ್ಲಿನ ವಿಷಯ. ಆ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಎರಡೂ ಅಯಾನುಗಳಲ್ಲಿ ಇಮ್ಮಡಿ ವಿದ್ಯುದಂಶ, ಹಾಗಾಗಿ ಹಿಡಿತ ಬಲು ಬಿಗಿ. ಲೀಟರ್ ಶುದ್ಧ ನೀರಿನಲ್ಲಿ ಹದಿನೈದು ಮಿಲಿಗ್ರಾಂನಷ್ಟೂ ಕರಗುವುದು ಕಷ್ಟ. ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಸೇರಿದ ಮಳೆನೀರು ಕಪ್ಪು ಬಸಾಲ್ಟ್ ಬಂಡೆಯ ಬಿರುಕುಗಳಲ್ಲಿ ಇಳಿಯುವಾಗ ಕ್ಯಾಲ್ಸಿಯಂ ಅನ್ನು ಬೈಕಾರ್ಬೊನೇಟ್ ರೂಪದಲ್ಲಿ ಹೊತ್ತುಕೊಳ್ಳುತ್ತದೆ. ಆ ರೂಪದಲ್ಲಿ ಎಷ್ಟೋ ಪಟ್ಟು ಹೆಚ್ಚು ಕರಗುತ್ತದೆ. ಕಾಯಿಸಿದಾಗ ಡೈಆಕ್ಸೈಡ್ ಹಾರಿಹೋಗುತ್ತದೆ, ಕಾರ್ಬೊನೇಟ್ ತಳಕ್ಕೆ ಕೂರುತ್ತದೆ.

ಕೆರೆದರೆ ಕೆಟಲ್ ಗೀರುಬೀಳುತ್ತದೆ. ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ, ಪದರ ಮುಳುಗುವಷ್ಟು ಹಾಕಿ ಅರ್ಧ ಗಂಟೆ ಬಿಡಿ. ಗುಳ್ಳೆ ನಿಂತರೂ ಪದರ ಉಳಿದಿದ್ದರೆ ಆಮ್ಲ ಮುಗಿದಿದೆ ಎಂದರ್ಥ, ಚೆಲ್ಲಿ ಹೊಸದು ಹಾಕಿ. ಬ್ಲೀಚಿಂಗ್ ಪೌಡರ್ ಜೊತೆ ಮಾತ್ರ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಕೊನೆಗೆ ಎರಡು ಸಲ ನೀರು ಕುದಿಸಿ ಚೆಲ್ಲಿದರೆ ವಾಸನೆಯೂ ಹೋಗುತ್ತದೆ.